ಡಬ್ಬಿಯ ಮೇಲಿದ್ದ ಕೈ

ಮೈಸೂರಿನ ಶ್ರೀರಾಂಪುರದ ನಮ್ಮ ಬೀದಿಗೆ ಇಲವಾಲದಿಂದ ಸೊಪ್ಪು ತಂದು ಮಾರುತ್ತಿದ್ದ ಅಮ್ಮನಿಗೆ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನನಗೆ ಅದನ್ನು ತಿಳಿಸಿದ್ದು ಅವರ ಮಗಳು. ದಸರೆಗೆ ಎರಡು ವಾರ ಮುಂಚೆ ಒಂದು ಬೆಳಿಗ್ಗೆ ತಾಯಿಯ ಬದಲು ಅವಳೇ ತಳ್ಳುಗಾಡಿ ತಂದಿದ್ದಳು. ಕೂಗಲು ಬಾರದೆ ಪ್ರತಿ ಗೇಟಿನ ಮುಂದೆ ನಿಂತು ಚಿಲಕ ಅಲ್ಲಾಡಿಸುತ್ತಿದ್ದಳು. ಅರ್ಧಕ್ಕರ್ಧ ಮನೆಗಳಲ್ಲಿ ಯಾರೂ ಹೊರಗೆ ಬರಲಿಲ್ಲ.

“ಅವ್ವನ ಗಂಟ್ಲ ಕುಯ್ತಾರಂತೆ ಅಕ್ಕ. ಆಮೇಲೆ ಮಾತು ಬರಕಿಲ್ವಂತೆ,” ಎಂದಳು. ಗಾಡಿಯ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಮುಂದುವರಿಸಿದಳು: “ನೀವು ಮೈಕು ಗೀಕು ರಿಪೇರಿ ಮಾಡ್ತೀರಲ್ಲ. ಅವ್ವನ ಕೂಗ ಒಂದ್ ಕಡೆ ಹಿಡಿದು ಕೊಡಿ. ಗಾಡಿಗೆ ಹಾಕ್ಕೊಂಡು ಅವ್ವನೇ ಬತ್ತದೆ. ನಾನು ಗಾರ್ಮೆಂಟ್ಸಿಗೆ ಎಷ್ಟ್ ದಿನ ರಜ ಹಾಕ್ಲಿ?”

ಈಗ ಈರುಳ್ಳಿ ಗಾಡಿಯವರು, ಹಳೇ ಕಬ್ಬಿಣದವರು ಎಲ್ಲರೂ ಮೊದಲೇ ಮುದ್ರಿಸಿದ ಕೂಗನ್ನು ಬ್ಯಾಟರಿಯ ಹಾರ್ನಿನಲ್ಲಿ ಹಾಕಿಕೊಂಡೇ ತಿರುಗುತ್ತಾರೆ. ಎಲ್ಲ ಗಾಡಿಯಲ್ಲೂ ಅದೇ ಒಬ್ಬ ಗಂಡಸಿನ ದನಿ. ಆ ದನಿಗೆ ನಮ್ಮ ಬೀದಿಯಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ. ಈ ಅಮ್ಮನ ದನಿ ತಿರುವಿನಲ್ಲಿ ಕೇಳಿದರೆ ಸಾಕು, ಒಲೆ ಸಣ್ಣ ಮಾಡಿ ಬುಟ್ಟಿ ಹಿಡಿದು ಬರುತ್ತಿದ್ದರು. ಆ ದನಿ ಹೋದರೆ ಗಾಡಿಯೂ ಹೋದಂತೆ.

ಫೋನಿನಲ್ಲೇ ಆಗುವ ಕೆಲಸ ಅಂದುಕೊಂಡೆ. ಅಂದು ಸಂಜೆ ಮಗಳು ತನ್ನ ಫೋನಿನಲ್ಲಿ ಹಿಡಿದದ್ದನ್ನು ಕಳಿಸಿದಳು. ಮಾತಿನ ನಡುನಡುವೆ ತೂತುಗಳಿದ್ದವು. ಫೋನುಗಳು ಹಿನ್ನೆಲೆಯ ಸದ್ದನ್ನು ತಾವಾಗಿಯೇ ಅಳಿಸುತ್ತವೆ. ಮಾತು ಯಾವುದು, ಗಾಳಿ ಯಾವುದು ಎಂದು ಊಹಿಸುತ್ತವೆ. ಅಮ್ಮನ ದನಿ ಆಗಲೇ ಒಡೆದು, ಅರ್ಧ ಉಸಿರು ಅರ್ಧ ಮಾತಾಗಿತ್ತು. ಫೋನು ಅದನ್ನು ಗಾಳಿ ಎಂದು ತಿಳಿದು ಅಳಿಸುತ್ತಿತ್ತು. ಧ್ವನಿಮುದ್ರಣದ ಸ್ಟುಡಿಯೋಗೆ ಬರಲು ಅಮ್ಮ ಒಪ್ಪಲಿಲ್ಲ. ಗಾಜಿನ ಕೋಣೆ ಎಂದೊಡನೆ ಅವರಿಗೆ ಸ್ಕ್ಯಾನಿಂಗ್ ನೆನಪಾಯಿತಂತೆ.

ಹಾಗಾಗಿ ಮೈಕಿನಿಂದ ಬಂದದ್ದನ್ನು ಏನೂ ಅಳಿಸದೆ ಹಿಗ್ಗಿಸಿ ಲ್ಯಾಪ್‌ಟಾಪಿಗೆ ಕೊಡುವ ಸಣ್ಣ ಆಂಪ್ಲಿಫೈಯರ್ ಒಂದನ್ನು ನಾನೇ ಕಟ್ಟಿದೆ. ಒಂಬತ್ತು ವೋಲ್ಟಿನ ಬ್ಯಾಟರಿ, ಅಂಗೈಯಗಲದ ಬೋರ್ಡು, ಅದನ್ನು ಇಡಲು ಒಂದು ತಗಡಿನ ಡಬ್ಬಿ. ಡಬ್ಬಿ ಮಾಡಿಕೊಟ್ಟವರು ಅಗ್ರಹಾರದಲ್ಲಿ ತಗಡಿನ ಕೆಲಸದ ಶೆಡ್ಡು ಇಟ್ಟುಕೊಂಡಿರುವ ನನ್ನ ಚಿಕ್ಕಪ್ಪ. ಆ ಶೆಡ್ಡಿನ ಹಿಂದಿನ ಕೋಣೆಯೇ ನನ್ನ ಕೆಲಸದ ಜಾಗ. ನೆಲ ಗಾರೆಯದು, ಸದಾ ತಣ್ಣಗಿರುತ್ತದೆ. ಯಂತ್ರಗಳಿಗೆ ದಿನಾ ಊದುಬತ್ತಿ ಹಚ್ಚುವ ಜಾಗವಾದ್ದರಿಂದ ಚಪ್ಪಲಿ ಹೊರಗೇ ಬಿಡಬೇಕು.

“ಒಂಬತ್ ವೋಲ್ಟಿಗೆ ಯಾಕಮ್ಮ ಅರ್ತಿಂಗು? ಇರುವೆ ಕಚ್ಚಿದಷ್ಟೂ ಹೊಡಿಯಲ್ಲ,” ಎಂದರು ಚಿಕ್ಕಪ್ಪ.

ಜೀವ ಉಳಿಸಲು ಅಲ್ಲ, ಸದ್ದು ತಡೆಯಲು ಎಂದೆ. ಗೋಡೆಯೊಳಗಿನ ಕರೆಂಟಿನ ವೈರುಗಳಿಂದ ಸದಾ ಒಂದು ಗುಂಯ್ ಎಂಬ ಸದ್ದು ಹರಡಿರುತ್ತದೆ. ಕಿವಿಗೆ ಕೇಳುವುದಿಲ್ಲ, ಮೈಕಿನ ಆಂಪ್ಲಿಫೈಯರಿಗೆ ಕೇಳುತ್ತದೆ. ತಗಡಿನ ಡಬ್ಬಿ ಅದನ್ನು ತಡೆಯಬೇಕಾದರೆ ಡಬ್ಬಿಯ ಮೈ ಒಳಗಿನ ಸರ್ಕ್ಯೂಟಿನ ನೆಗೆಟಿವ್‌ಗೆ ಕೂಡಿರಬೇಕು. ಅದೂ ಒಂದೇ ಕಡೆ, ಮೈಕಿನ ವೈರು ಒಳಗೆ ಬರುವ ತೂತಿನ ಪಕ್ಕದಲ್ಲಿ. ಎರಡು ಕಡೆ ಕೂಡಿಸಿದರೆ ಅದೇ ಒಂದು ಸುತ್ತಾಗಿ ಗುಂಯ್ ಹಿಡಿಯುತ್ತದೆ. ಎಲ್ಲಿಯೂ ಕೂಡದಿದ್ದರೆ ಇನ್ನೂ ಕೆಟ್ಟದ್ದು. ಡಬ್ಬಿಯೇ ಸದ್ದನ್ನು ಹಿಡಿದು ಒಳಗೆ ದಾಟಿಸುತ್ತದೆ.

“ಒಂದ್ ಮನೇಗೆ ಒಂದೇ ಬಾಗ್ಲು ಅನ್ನು.”

“ಹೌದು ಚಿಕ್ಕಪ್ಪ.”

ಶೆಡ್ಡಿನಲ್ಲಿ ತಗಡಿಗೆ ಕೆಂಪು ಪ್ರೈಮರ್ ಬಳಿದೇ ಕೊಡುತ್ತಾರೆ, ಬಣ್ಣ ಕರೆಂಟು ಹಾಯಲು ಬಿಡುವುದಿಲ್ಲ. ಮೈಕಿನ ವೈರು ಸಿಕ್ಕಿಸುವ ಜಾಕ್‌ಗೆ ಪ್ಲಾಸ್ಟಿಕ್ ಬಳೆ ಹಾಕಿ ತಗಡಿನಿಂದ ಬೇರೆ ಮಾಡಿದೆ. ಅದರ ಪಕ್ಕದಲ್ಲಿ ನಾಣ್ಯದಗಲ ಜಾಗವನ್ನು ಉಪ್ಪುಕಾಗದದಿಂದ ಬಿಳಿ ತಗಡು ಹೊಳೆಯುವವರೆಗೆ ಉಜ್ಜಿ, ನೆಗೆಟಿವ್ ವೈರಿನ ತುದಿಯ ಉಂಗುರವನ್ನು ಅಲ್ಲಿ ಸ್ಕ್ರೂ ಹಾಕಿ ಬಿಗಿದೆ. ಮುಚ್ಚಳ ಕೂರುವ ಅಂಚನ್ನೂ ಉಜ್ಜಿದೆ. ಮೀಟರಿನ ಒಂದು ಕಡ್ಡಿಯನ್ನು ಉಂಗುರಕ್ಕೂ ಇನ್ನೊಂದನ್ನು ಡಬ್ಬಿಯ ಮೈಗೂ ಇಟ್ಟರೆ, ಎರಡೂ ಕೂಡಿವೆ ಎನ್ನಲು ಕೀಂ ಎಂದು ಕೂಗಿತು. ಮುಚ್ಚಳಕ್ಕೆ ಇಟ್ಟರೂ ಕೂಗಿತು. ಹೆಡ್‌ಫೋನಿನಲ್ಲಿ ನನ್ನ ಉಸಿರು ಬಿಟ್ಟರೆ ಏನೂ ಇರಲಿಲ್ಲ. ಆಯುಧ ಪೂಜೆಗೆ ಎರಡು ದಿನ ಇತ್ತು. ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋದೆ.

ಆಯುಧ ಪೂಜೆಗೆ ಮುನ್ನ ಶೆಡ್ಡಿನಲ್ಲಿ ಎಲ್ಲಕ್ಕೂ ಬಣ್ಣ ಬೀಳುತ್ತದೆ. ತಗಡು ಕತ್ತರಿಸುವ ಯಂತ್ರಕ್ಕೆ, ಡ್ರಿಲ್ಲಿನ ಕಂಬಕ್ಕೆ, ಬಾಗಿಲಿಗೆ, ಕೊನೆಗೆ ನೀರಿನ ಡ್ರಮ್ಮಿಗೆ ಕೂಡ. ಬಣ್ಣ ಕಾಣದ ಕಬ್ಬಿಣವನ್ನು ಪೂಜೆಗಿಡುವುದು ಚಿಕ್ಕಪ್ಪನ ಪ್ರಕಾರ ಮೀಯಿಸದ ಮಗುವನ್ನು ದೇವಸ್ಥಾನಕ್ಕೆ ಕರೆದೊಯ್ದಂತೆ. ಹಬ್ಬದ ದಿನ ನಾನು ಹೋದಾಗ ನನ್ನ ಡಬ್ಬಿ ಸುತ್ತಿಗೆ, ಕತ್ತರಿಗಳ ನಡುವೆ ಆಕಾಶನೀಲಿಯಾಗಿ ಕೂತಿತ್ತು. ಮೇಲೆ ಕುಂಕುಮ, ಒಂದು ಸೇವಂತಿಗೆ. ಪಕ್ಕದಲ್ಲೇ ನನ್ನ ಮೀಟರು, ಅದಕ್ಕೂ ಕುಂಕುಮ.

“ಒಳಗೂ ಹೊಡ್ದಿದೀನಿ ಕಣಮ್ಮ,” ಎಂದರು ಚಿಕ್ಕಪ್ಪ. “ನಿನ್ ಸಾಮಾನೆಲ್ಲ ಬಿಚ್ಚಿ, ಎರಡು ಕೋಟು ಹೊಡ್ದು, ಇದ್ದಂಗೇ ಕೂಡಿಸ್ಬುಟ್ಟಿದೀನಿ. ಒಂದ್ ಸ್ಕ್ರೂನೂ ಮಿಕ್ಕಿಲ್ಲ. ಬೇಕಾದ್ರೆ ಎಣಿಸ್ಕೊ.”

ತುಂಬ ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಅಮ್ಮ ವಿಜಯದಶಮಿಯ ಬೆಳಿಗ್ಗೆ ಬರಲು ಹೇಳಿದ್ದರು. ಒಳ್ಳೆಯ ದಿನ, ಮೇಲಾಗಿ ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಒಂದು ಗಂಟೆ ಮಾತ್ರ ಅವರ ದನಿ ಏಳುತ್ತಿತ್ತು. ಪೂಜೆಗಿಟ್ಟ ಆಯುಧಗಳನ್ನು ಮರುದಿನ ಮಂಗಳಾರತಿ ಮಾಡಿ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಹೊತ್ತು ಹುಟ್ಟುವ ಮೊದಲೇ ಹೋಗಿದ್ದರಿಂದ ಚಿಕ್ಕಪ್ಪ ಕರ್ಪೂರ ಹಚ್ಚಿ, ನನಗಾಗಿ ಆ ಡಬ್ಬಿಯೊಂದನ್ನು ಮಾತ್ರ ಕದಲಿಸಿ ಕೊಟ್ಟರು. ಮೀಟರು ಪೂಜೆಯಲ್ಲೇ ಉಳಿಯಿತು. ಅದನ್ನೂ ಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೂರು ದಿನದ ಹಿಂದೆ ಅಳೆದಿದ್ದೆನಲ್ಲ ಎಂದುಕೊಂಡೆ. ಆದರೂ ಮೈಕು, ಹೆಡ್‌ಫೋನು ಸಿಕ್ಕಿಸಿ ಒಮ್ಮೆ ಕೇಳಿದೆ. ಹಗುರವಾದ ಡಬ್ಬಿ, ಮೈಕಿನ ವೈರು ಎಳೆದರೆ ಮೇಜಿನ ಮೇಲೆ ಜಾರುತ್ತಿತ್ತು. ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದೆ. ಬರಿಗಾಲು ಗಾರೆಯ ಮೇಲಿತ್ತು. ಸದ್ದೇ ಇರಲಿಲ್ಲ.

ಹುಣಸೂರು ರಸ್ತೆಯಲ್ಲಿ ಜನ ಮೆರವಣಿಗೆ ನೋಡಲು ಮೈಸೂರಿನ ಕಡೆ ಬರುತ್ತಿದ್ದರು. ನಾನು ಎದುರು ದಿಕ್ಕಿನಲ್ಲಿ ಇಲವಾಲಕ್ಕೆ ಹೋದೆ.

ಅಮ್ಮ ತಲೆ ಬಾಚಿ, ಹೂ ಮುಡಿದು ಕಾಯುತ್ತಿದ್ದರು. ಏನೇನು ಹೇಳಬೇಕೆಂದು ಮಗಳು ನೋಟ್‌ಬುಕ್ಕಿನ ಎರಡು ಪುಟ ಬರೆದಿಟ್ಟಿದ್ದಳು: ಬೀದಿಯ ಕೂಗು, ಪ್ರತಿ ಸೊಪ್ಪಿನ ಹೆಸರು, ‘ನಾಳೆ ತತ್ತೀನಿ’, ‘ಚಿಲ್ರೆ ಕೊಡವ್ವ’. ಕೊನೆಯಲ್ಲಿ ಹಸುವನ್ನು ಕರೆಯುವ ಕೂಗು. ಬೇರೆ ಯಾರು ಕರೆದರೂ ಆ ಹಸು ತಿರುಗಿ ನೋಡುವುದಿಲ್ಲವಂತೆ.

ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಚಾರ್ಜರ್ ಹಾಕಲೇಬೇಕಿತ್ತು. ಗೋಡೆಯ ಪ್ಲಗ್ಗಿನಲ್ಲಿ ಅರ್ತಿನ ತೂತಿತ್ತು, ಅದರ ಹಿಂದೆ ವೈರು ಇರಲಿಲ್ಲ. ಅಮ್ಮನ ಎದುರು ಸಿಮೆಂಟು ನೆಲದ ಮೇಲೆ ಕೂತು, ಎಡಗೈಯಲ್ಲಿ ಡಬ್ಬಿ ಹಿಡಿದು, ಹೆಡ್‌ಫೋನು ಹಾಕಿಕೊಂಡು ಮುದ್ರಣ ಶುರುಮಾಡಿದೆ.

“ಏನ್ ಯೋಳ್ಲಿ ಮಗ?”

“ದಿನಾ ನಮ್ಮ ಗೇಟಿನ ಹತ್ರ ಏನು ಹೇಳ್ತೀರೋ ಅದೇ ಹೇಳಿ ಅಮ್ಮ. ಕೂಗೋದು ಬೇಡ. ಇದು ಸುಮ್ಮನೆ ಪರೀಕ್ಷೆಗೆ.”

“ಸೊಪ್ಪು ಬ್ಯಾಡ್ವಾ ಮಗ ಇವತ್ತು? ದಂಟೈತೆ, ಕೀರೆ ಐತೆ, ಸಬ್ಬಸಿಗೆ ಐತೆ. ಎಳೇದು ಕಣವ್ವ. ನೀನ್ ತಗಳ್ಳಿಲ್ಲ ಅಂದ್ರೆ ನಮ್ಮನೆ ಹಸ ತಿಂತದೆ, ಬುಡು.”

ಮಗಳು ನಕ್ಕಳು. ದನಿ ಸರಿಯಾದ ಮಟ್ಟದಲ್ಲಿ ಬರುತ್ತಿತ್ತು. ಈಗ ಕೂಗಿ ಎಂದೆ. ಅಮ್ಮ ಬಾಯಿ ತೆರೆದವರು ಹಾಗೇ ನಿಂತರು. ನನ್ನ ಕಿವಿಯ ಕಡೆ ನೋಡುತ್ತಿದ್ದರು.

“ಅದ ಕಿವಿಗೆ ಹಾಕ್ಕೊಂಡ್ರೆ ನೀನೂ ಡಾಕ್ಟ್ರಂಗೇ ಕಾಣ್ತೀಯ ಕಣ್ ಮಗ. ನನ್ ಗಂಟ್ಲು ಕಟ್ಕತದೆ.”

ಹೆಡ್‌ಫೋನು ತೆಗೆದು ಚೀಲದೊಳಗಿಟ್ಟೆ. ನನ್ನ ಕೈ ಅಲ್ಲಾಡಿ ಸದ್ದಾಗದಿರಲೆಂದು ಡಬ್ಬಿಯಿಂದಲೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಅಮ್ಮ ನಲವತ್ತು ನಿಮಿಷ ಕೂಗಿದರು. ನಡುವೆ ಕೆಮ್ಮು ಬಂತು, ಬಿಸಿನೀರು ಕುಡಿದರು, ಮತ್ತೆ ಕೂಗಿದರು. ಪಟ್ಟಿಯಲ್ಲಿದ್ದ ಎಲ್ಲವನ್ನೂ ಹೇಳಿದರು. ಹಸುವನ್ನು ಕರೆದಾಗ ಹಿತ್ತಲಿನಿಂದ ಅದು ಓಗೊಟ್ಟಿತು. ಕೊನೆಗೆ ದನಿ ಪೂರ್ತಿ ಕುಸಿಯಿತು. ಕೈಸನ್ನೆಯಲ್ಲೇ ನನಗೆ ಕಾಫಿ ಕೊಡುವಂತೆ ಮಗಳಿಗೆ ಹೇಳಿದರು.

ಮಧ್ಯಾಹ್ನ ಮನೆಗೆ ಬಂದು ಕೇಳಿದೆ. ಐವತ್ತೆರಡನೆಯ ಸೆಕೆಂಡಿನವರೆಗೆ ಸ್ವಚ್ಛವಾಗಿತ್ತು. ಅಲ್ಲಿಂದ ಮುಂದೆ ದಪ್ಪನೆಯ ಗುಂಯ್, ಅದರ ಮೇಲೆ ಚಾರ್ಜರಿನ ಕಿರಿಕಿರಿ. ಪರದೆಯ ಮೇಲೆ ಕೂಡ ಅದು ಕಾಣುತ್ತಿತ್ತು. ಕೂದಲೆಳೆಯಂತಿದ್ದ ಗೆರೆ ಐವತ್ತೆರಡನೆಯ ಸೆಕೆಂಡಿನಲ್ಲಿ ಒಮ್ಮೆಲೇ ಹಗ್ಗದಷ್ಟು ದಪ್ಪವಾಗಿತ್ತು. ನಾನು ಡಬ್ಬಿಯಿಂದ ಕೈ ತೆಗೆದ ಕ್ಷಣ ಅದು.

ಡಬ್ಬಿ ಬಿಚ್ಚಿದೆ. ನಾನು ಉಜ್ಜಿದ್ದ ಜಾಗದಲ್ಲಿ ನುಣುಪಾದ ಎರಡು ಕೋಟು ನೀಲಿ ಬಣ್ಣ. ಅದರ ಮೇಲೆ ಉಂಗುರ, ಉಂಗುರದ ಮೇಲೆ ಹೊಸ ವಾಷರು, ನಾನು ಬಿಗಿದಿದ್ದಕ್ಕಿಂತ ಗಟ್ಟಿಯಾಗಿ ಬಿಗಿದ ಸ್ಕ್ರೂ. ಮುಚ್ಚಳದ ಅಂಚಿಗೂ ಬಣ್ಣ. ಡಬ್ಬಿಯ ಯಾವ ಭಾಗವೂ ಯಾವುದಕ್ಕೂ ಕೂಡಿರಲಿಲ್ಲ. ಶೆಡ್ಡಿನಲ್ಲೂ ಇಲವಾಲದಲ್ಲೂ ನನ್ನ ಕೈ ಮುಟ್ಟಿದ್ದಷ್ಟು ಹೊತ್ತು, ನೆಲಕ್ಕೆ ತಾಗಿದ್ದ ನನ್ನ ಮೈಯೇ ಅದರ ಅರ್ತಿಂಗ್ ಆಗಿತ್ತು.

ಅಂದು ಸಂಜೆಯವರೆಗೂ ಮರುದಿನ ಅರ್ಧ ದಿನವೂ ಆ ಗುಂಯ್ ತೆಗೆಯಲು ನೋಡಿದೆ. ಬೇರೆ ಯಾರ ದನಿಯಾಗಿದ್ದರೂ ಅಷ್ಟೋ ಇಷ್ಟೋ ತೆಗೆಯಬಹುದಿತ್ತು. ಅಮ್ಮನ ದನಿ ಇಳಿದು ಇಳಿದು ಆ ಗುಂಯ್ ಇರುವ ಜಾಗಕ್ಕೇ ಬಂದು ಕೂತಿತ್ತು. ಒಂದನ್ನು ಕತ್ತರಿಸಿದರೆ ಇನ್ನೊಂದೂ ಹೋಗುತ್ತಿತ್ತು. ಉಳಿದದ್ದು ಹಂಡೆಯೊಳಗಿನಿಂದ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಹೆಂಗಸೋ ಗಂಡಸೋ ತಿಳಿಯುತ್ತಿರಲಿಲ್ಲ.

ಅದನ್ನೇ ಕೊಟ್ಟುಬಿಡಬಹುದಿತ್ತು. ‘ದನಿ ಮೊದಲೇ ಹೋಗಿತ್ತಲ್ಲ, ಇಷ್ಟೇ ಬಂದದ್ದು’ ಎಂದರೆ ಅವರು ನಂಬುತ್ತಿದ್ದರು. ವಾಕ್ಯವನ್ನು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡೂ ಇದ್ದೆ. ಆಮೇಲೆ ಹಸುವನ್ನು ಕರೆದ ಭಾಗ ಹಾಕಿ ಕೇಳಿದೆ. ನನಗೇ ಅದು ಯಾರೆಂದು ತಿಳಿಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಇಲವಾಲಕ್ಕೆ ಹೊರಟೆ.

ನಾನು ಹೇಳುವುದನ್ನು ಮಗಳು ನಿಂತೇ ಕೇಳಿದಳು. “ಅಲ್ಲೇ ಒಂದ್ ಸಲ ಹಾಕಿ ಕೇಳ್ಬಾರ್ದಿತ್ತಾ ಅಕ್ಕ?” ಎಂದಳು. ಅಂದು ನಾನು ಕೇಳಿ ನೋಡದೆ ಕಾಫಿ ಕುಡಿದು ಎದ್ದು ಬಂದಿದ್ದೆ.

“ಬುಡವ್ವ,” ಎಂದರು ಅಮ್ಮ. ಅಂದು ಅವರ ಮಾತು ತುಟಿಯಲ್ಲೇ ಇತ್ತು. “ಕಿವೀದ ತೆಗೆದಿಡು ಅಂದೋಳು ನಾನಲ್ವಾ.” ನನ್ನ ಕಡೆ ತಿರುಗಿ, “ಏನಾಗಿತ್ತು ಮಗ?” ಎಂದು ಕೇಳಿದರು.

ಬಣ್ಣದ ವಿಷಯ ಹೇಳಲು ಮನಸ್ಸಾಗಲಿಲ್ಲ. “ನನ್ನ ಕೈ ಡಬ್ಬಿ ಮೇಲೆ ಇದ್ದಷ್ಟು ಹೊತ್ತು ಚೆನ್ನಾಗಿ ಬಂದಿದೆ ಅಮ್ಮ. ಕೈ ತೆಗೆದ ಮೇಲೆ ಹಾಳಾಗಿದೆ,” ಎಂದೆ. ಅವರು ನನ್ನ ಕೈ ನೋಡಿದರು.

“ನಾಳೆ ಆಗಕಿಲ್ಲ, ಗಂಟ್ಲು ನೋಯ್ತದೆ. ನಾಳಿದ್ದು ಬಾ. ಕೂಗ್ತೀನಿ.”

ಮರುದಿನ ಶೆಡ್ಡಿಗೆ ಹೋಗಿ ಬಣ್ಣ ಕೆರೆದೆ. ಈ ಸಲ ಹಲ್ಲಿರುವ ವಾಷರು ಹಾಕಿದೆ. ಬಿಗಿದಂತೆ ಅದರ ಹಲ್ಲು ತಗಡಿನೊಳಗೆ ಕಚ್ಚಿಕೊಳ್ಳುತ್ತದೆ, ನಡುವೆ ಬಣ್ಣವಿದ್ದರೂ ಸೀಳುತ್ತದೆ. ಮೊದಲೇ ಹಾಕಬೇಕಿದ್ದದ್ದು. ಮುಚ್ಚಳಕ್ಕೂ ಮೈಗೂ ಬೇರೆಯದೇ ಒಂದು ತುಂಡು ವೈರು ಕೊಟ್ಟೆ. ಮೀಟರಿನಿಂದ ಮೂಲೆ ಮೂಲೆ ಮುಟ್ಟಿ ನೋಡಿದೆ. ಕೈ ಇಟ್ಟು ಕೇಳಿದೆ, ಕೈ ತೆಗೆದು ಕೇಳಿದೆ, ಮಣೆಯ ಮೇಲೆ ಕಾಲಿಟ್ಟು ಕೇಳಿದೆ. ವ್ಯತ್ಯಾಸವಿರಲಿಲ್ಲ. ಚಿಕ್ಕಪ್ಪ ಬಾಗಿಲಿನಿಂದ ಇಣುಕಿ, “ಬಣ್ಣ ಎಂಗಿತ್ತು, ಏನಂದ್ರು ಅವರು?” ಎಂದರು. ಚೆನ್ನಾಗಿದೆ ಅಂದರು ಎಂದೆ.

ಅದರ ಮರುದಿನ ಬೆಳಿಗ್ಗೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಅರ್ಧ ದಾರಿ ಹೋಗಿದ್ದಾಗ ಮಗಳ ಫೋನು ಬಂತು. ಹಿಂದಿನ ಸಂಜೆ ಅಮ್ಮನಿಗೆ ಉಸಿರು ಕಟ್ಟಿತ್ತು. ಆಸ್ಪತ್ರೆಯಲ್ಲಿ ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದರು. ದೊಡ್ಡ ಆಪರೇಷನ್ನನ್ನೂ ಮುಂದಕ್ಕೆ ಹಾಕದೆ ಅದೇ ವಾರ ಮಾಡುತ್ತೇವೆ ಎಂದಿದ್ದರು.

“ಇನ್ನ ಬರ್ಬೇಡಿ ಅಕ್ಕ,” ಎಂದಳು. “ಈಗ್ಲೇ ಮಾತು ಹೊರಡ್ತಾ ಇಲ್ಲ.”

ಸ್ಕೂಟರನ್ನು ಮೈಸೂರಿನ ಕಡೆ ತಿರುಗಿಸಿದೆ. ನಲವತ್ತು ನಿಮಿಷ ಕೂಗಿದ್ದು ಇದಕ್ಕೆ ಕಾರಣವೇ ಎಂದು ನಾನು ಯಾವ ವೈದ್ಯರನ್ನೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಉಳಿದದ್ದು ಐವತ್ತೆರಡು ಸೆಕೆಂಡು. ಅದರಲ್ಲಿ ನನ್ನ ಮಾತು ಮತ್ತು ಮಗಳ ನಗುವನ್ನು ಬಿಟ್ಟರೆ ಗಾಡಿಗೆ ಆಗುವಂಥ ಅಮ್ಮನ ದನಿ ಹದಿನಾಲ್ಕು ಸೆಕೆಂಡು. ಅದೂ ಕೂಗಲ್ಲ, ಮಾತು.

ಆಪರೇಷನ್ ಆಗಿ ಅಮ್ಮ ಮನೆಗೆ ಬಂದ ಮೇಲೆ ಗಾಡಿಯ ಆಂಪ್ಲಿಫೈಯರ್ ಕಟ್ಟಲು ಕೂತೆ. ಹನ್ನೆರಡು ವೋಲ್ಟಿನ ಬ್ಯಾಟರಿ, ಮೆಮೊರಿ ಕಾರ್ಡಿನಿಂದ ಓದುವ ಸಣ್ಣ ಬೋರ್ಡು, ಹಾರ್ನು. ಗಾಡಿಯ ಕುಲುಕಾಟಕ್ಕೆ ಬಿಚ್ಚಿಕೊಳ್ಳದಂಥ ಡಬ್ಬಿ ಬೇಕಿತ್ತು. ಚಿಕ್ಕಪ್ಪನಿಗೆ ಸತುವಿನ ಲೇಪದ ತಗಡಿನಲ್ಲಿ ಮಾಡಿಕೊಡಿ ಎಂದೆ, ಬಣ್ಣ ಬೇಡ ಎಂದೂ ಹೇಳಿದೆ.

“ಬರೀ ತಗಡು ಎಂಗ್ ಕೊಡೋದಮ್ಮ? ನೋಡ್ದೋರು ಏನಂದಾರು? ಒಂದೇ ಒಂದು ಕೋಟು ಹೊಡ್ದು…”

“ಬೇಡ ಚಿಕ್ಕಪ್ಪ.”

ನನ್ನ ದನಿಯಲ್ಲಿ ಏನು ಕೇಳಿತೋ, ಅವರು ಕತ್ತರಿ ಕೆಳಗಿಟ್ಟರು. ಮೇಜಿನ ಮೇಲೆ ಹಳೆಯ ನೀಲಿ ಡಬ್ಬಿ ತೆರೆದು ಬಿದ್ದಿತ್ತು. ಒಳಗೆ ನಾನು ಕೆರೆದ ಗುರುತು ಬೆಳ್ಳಗೆ ಕಾಣುತ್ತಿತ್ತು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕಬ್ಬಿಣದ ಕೆಲಸದವರು; ಕೆರೆದದ್ದು ಏಕೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಒಂದ್ ಬಾಗ್ಲು ಅಂದಿದ್ದೆ. ಅದುನ್ನೇ ನಾನ್ ಮುಚ್ಬುಟ್ನಾ?”

“ನಾನು ನೋಡ್ಬೇಕಿತ್ತು ಚಿಕ್ಕಪ್ಪ.”

ಅವರು ಹೊಸ ಡಬ್ಬಿಯನ್ನು ಅಂದೇ ಮುಗಿಸಿಕೊಟ್ಟರು. ಅರ್ತಿನ ಸ್ಕ್ರೂ ಕೂರುವ ಜಾಗವನ್ನು ತಾವೇ ಉಜ್ಜಿದ್ದರು, ಬೇಕಾದ್ದಕ್ಕಿಂತ ದೊಡ್ಡದಾಗಿ.

ಅಮ್ಮ ಮತ್ತೆ ಗಾಡಿ ತಂದದ್ದು ಅದಾಗಿ ಎರಡು ತಿಂಗಳ ಮೇಲೆ. ಕತ್ತಿಗೆ ತೆಳು ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು, ತುಂಬ ಇಳಿದಿದ್ದರು. ಮೊದಲ ದಿನವೆಂದು ಮಗಳೂ ಜೊತೆಗೆ ಬಂದಿದ್ದಳು. ನಾನು ಗೇಟಿನ ಬಳಿ ನಿಂತಿದ್ದೆ. ತಿರುವಿನಲ್ಲಿ ಹಾರ್ನು ಮಾತಾಡಿತು: ‘ಸೊಪ್ಪು ಬ್ಯಾಡ್ವಾ ಮಗ ಇವತ್ತು? ದಂಟೈತೆ, ಕೀರೆ ಐತೆ, ಸಬ್ಬಸಿಗೆ ಐತೆ. ಎಳೇದು ಕಣವ್ವ. ನೀನ್ ತಗಳ್ಳಿಲ್ಲ ಅಂದ್ರೆ ನಮ್ಮನೆ ಹಸ ತಿಂತದೆ, ಬುಡು.’ ಹಿಂದೆ ಗುಂಯ್ ಇರಲಿಲ್ಲ. ಬೀದಿಗೆ ಕೇಳಲೆಂದು ಹೇಳಿದ ಮಾತಲ್ಲವಾದ್ದರಿಂದ ಮೂರನೆಯ ಮನೆ ದಾಟುವಷ್ಟರಲ್ಲಿ ಅದು ತೆಳುವಾಗುತ್ತಿತ್ತು. ಹಿಂದಿನ ಕೂಗು ಬೀದಿಯ ಕೊನೆಯವರೆಗೆ ಹೋಗುತ್ತಿತ್ತು.

ಎದುರು ಮನೆಯ ಮಹಡಿಯಿಂದ ಒಬ್ಬರು, “ಬಂದೆ, ಇರಮ್ಮ. ಎಲ್ಲಿ ಹೋಗ್ಬಿಟ್ಟಿದ್ರಿ ಇಷ್ಟ್ ದಿನ?” ಎಂದು ಕೇಳಿದರು. ಹಾರ್ನು ಸೊಪ್ಪು ಬೇಡವೇ ಎಂದು ಮತ್ತೆ ಕೇಳಿತು. ಅಮ್ಮ ಸ್ವಿಚ್ ಆರಿಸಿ, ಮೇಲೆ ನೋಡಿ, ಒಂದು ಕಟ್ಟು ಸಬ್ಬಸಿಗೆ ಎತ್ತಿ ತೋರಿಸಿದರು.

ನನ್ನ ಗೇಟಿನಿಂದ ಮುಂದೆ ಹೊರಟಾಗ ಗಮನಿಸಿದೆ. ಅವರು ಬಲಗೈಯೊಂದರಲ್ಲೇ ಗಾಡಿ ತಳ್ಳುತ್ತಿದ್ದರು. ಎಡಗೈಯನ್ನು ತಗಡಿನ ಡಬ್ಬಿಯ ಮೇಲೆ ಅಂಗೈ ಊರಿ ಇಟ್ಟಿದ್ದರು.

“ಯಾಕೆ ಹಾಗೆ?” ಎಂದು ಮಗಳನ್ನು ಕೇಳಿದೆ.

“ಕೈ ತೆಗುದ್ರೆ ಹಾಳಾಯ್ತದೆ ಅಂತ ನೀವೇ ಅಂದಿದ್ರಲ್ಲ ಅಕ್ಕ. ಮನೇಲೂ ಅಂಗೇ ಇಟ್ಕೊಂಡೇ ಕೇಳ್ತದೆ.”

ಈ ಡಬ್ಬಿಗೆ ಅದು ಬೇಕಿಲ್ಲ, ಇದಕ್ಕೆ ಸರಿಯಾಗಿ ಅರ್ತಿಂಗ್ ಆಗಿದೆ ಎಂದೆ. ಹೋಗಿ ಹೇಳು ಎಂದೆ. ಅವಳು ಓಡಿಹೋಗಿ ಹೇಳಿದ್ದು ನನಗೆ ಕಾಣಿಸಿತು. ಅಮ್ಮ ಕೇಳಿಸಿಕೊಂಡು ತಲೆಯಾಡಿಸಿದರು. ಗಾಡಿ ತಿರುವು ದಾಟುವವರೆಗೂ ಕೈ ತೆಗೆಯಲಿಲ್ಲ.